ರಕ್ತನಾಳಕ್ಕೆ ಅಂಟಿಕೊಂಡ ಪ್ಯಾಂಕ್ರಿಯಾಸ್ ಗಡ್ಡೆ: 'ಆಪರೇಷನ್ ಆಗಲ್ಲ' ಅಂದ್ರೆ ಏನರ್ಥ?

ಇದು ನಮ್ಮ ಹಿಂದಿನ ವಿಡಿಯೋ ಮಾತುಕತೆಯ ಬರಹ ರೂಪ. ಅಲ್ಲಿ ವೈಟ್‌ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸಿದ್ದೆ, ಇಲ್ಲಿ ಚಿತ್ರ ಇಲ್ಲ, ಮಾತಲ್ಲೇ ಹೇಳಬೇಕು. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಓದಿದ್ದು ಎಂಟೆಕ್, ಕೆಲಸ ಸಾಫ್ಟ್‌ವೇರು. ಈ ವಿಷಯ ಓದಿದ್ದು ಆಸಕ್ತಿಯಿಂದಲ್ಲ, ಬೇರೆ ದಾರಿ ಇರಲಿಲ್ಲ ಅಂತ. ಮನೆಯವರಿಗೆ ಇಂಥದ್ದು ಬಂದಾಗ ಡಾಕ್ಟರ ಹತ್ರ ಸರಿಯಾದ ಪ್ರಶ್ನೆ ಕೇಳೋಕೆ ಇದು ಸಹಾಯ ಆಗಬಹುದು, ಅಷ್ಟೇ. ಚಿಕಿತ್ಸೆ ನಿರ್ಧಾರ ಡಾಕ್ಟರದ್ದೇ.

ಎರಡು ವರ್ಷದ ಹಿಂದಿನ ಮಾತು. ರಾಣೆಬೆನ್ನೂರಿಂದ ನಮ್ಮ ಸೋದರಮಾವ, ಅತ್ತಿ ಇಬ್ಬರೂ ನವರಾತ್ರಿ ನೋಡೋಣ ಅಂತ ವಡೋದರಾಕ್ಕೆ ಬಂದಿದ್ರು. ನಾವು ಗರ್ಬಾ ನೋಡೋಕೆ ಹೋದ ರಾತ್ರಿ, ಮೈದಾನದ ಬಿಳೀ ಲೈಟಲ್ಲಿ ನನ್ನ ಹೆಂಡತಿ ಹೇಳಿದಳು, "ಮಾಮಾನ ಕಣ್ಣು ನೋಡಿ, ಹಳದಿ ಕಾಣ್ತಿದೆ." ಮೈ ಕೆರೆತ ಇತ್ತು, ಮೂತ್ರ ಚಹಾದ ಬಣ್ಣಕ್ಕೆ ಬಂದಿತ್ತು, ಮೂರು ತಿಂಗಳಲ್ಲಿ ಎಂಟು ಕಿಲೋ ಇಳಿದಿದ್ರು. ಹಿಂದೆಂದೂ ಇಲ್ಲದ ಸಕ್ಕರೆ ಕಾಯಿಲೆ ಆರು ತಿಂಗಳ ಹಿಂದೆ ಬಂದಿತ್ತು. ಯಾರಿಗೂ ಇದನ್ನೆಲ್ಲ ಸೇರಿಸಿ ನೋಡಬೇಕು ಅನ್ನಿಸಿರಲಿಲ್ಲ. ಊರಿಂದ ಫೋನ್ ಮೇಲೆ ಫೋನ್: ಕಾಮಾಲೆಗೆ ಔಷಧಿ ಕೊಡೋರು ಇದ್ದಾರೆ, ಮೂರು ದಿನ ಪಥ್ಯ, ಕರ್ಕೊಂಡು ಬರ್ರಿ ಅಂತ. ಇದೊಂದು ವಿಷಯ ಗಟ್ಟಿಯಾಗಿ ಹೇಳ್ತೀನಿ. ನೋವಿಲ್ಲದೆ, ಜ್ವರ ಇಲ್ಲದೆ, ವಯಸ್ಸಾದವರಿಗೆ ಕಾಮಾಲೆ ಬಂದು, ಜೊತೆಗೆ ತೂಕ ಇಳಿದಿದ್ರೆ, ನಾಟಿ ಔಷಧಿಗೆ ಮೊದಲು ಒಂದು ಸ್ಕ್ಯಾನ್. ಪಿತ್ತರಸದ ನಾಳಕ್ಕೆ ಏನೋ ಅಡ್ಡ ಬಂದಿರಬಹುದು.

ಸಿಟಿ ಸ್ಕ್ಯಾನ್ ಆಯ್ತು. ಪ್ಯಾಂಕ್ರಿಯಾಸ್ ತಲೆ ಭಾಗದಲ್ಲಿ ಗಡ್ಡೆ. ರಿಪೋರ್ಟಲ್ಲಿ ಇನ್ನೊಂದು ಸಾಲು: ಎಸ್‌ಎಂವಿ ಅನ್ನೋ ರಕ್ತನಾಳವನ್ನು 180 ಡಿಗ್ರಿಗಿಂತ ಜಾಸ್ತಿ ಸುತ್ತಿದೆ, ನಾಳ ಕಿರಿದಾಗಿದೆ, ಎಸ್‌ಎಂಎ ಅನ್ನೋದನ್ನು 90 ಡಿಗ್ರಿಯಷ್ಟು ಮುಟ್ಟಿದೆ. ಮೊದಲ ದಿನ ತೋರಿಸಿದ ಡಾಕ್ಟರು, "ರಕ್ತನಾಳಕ್ಕೆ ಹಿಡಿದಿದೆ, ಆಪರೇಷನ್ ಆಗಲ್ಲ, ಊರಿಗೆ ಕರ್ಕೊಂಡು ಹೋಗಿ" ಅಂದ್ರು. ಮರುದಿನ ಇನ್ನೊಂದು ಆಸ್ಪತ್ರೆಯವರು, "ನಾಡಿದ್ದು ಗುರುವಾರನೇ ಓಪನ್ ಮಾಡೋಣ, ಅಡ್ವಾನ್ಸ್ ಕಟ್ಟಿ" ಅಂದ್ರು. ಒಂದೇ ಸಿಡಿ, ಒಂದೇ ರಿಪೋರ್ಟು, 24 ಗಂಟೆಯಲ್ಲಿ ಎರಡು ಪೂರ್ತಿ ವಿರುದ್ಧ ಉತ್ತರ. ಮಾಮಾನಿಗೆ ಹಿಂದಿ ಅಷ್ಟಕ್ಕಷ್ಟೇ, ಗುಜರಾತಿ ಗೊತ್ತೇ ಇಲ್ಲ. ಕಾರಲ್ಲಿ ಕೂತು "ಏನಂತಪಾ ಡಾಕ್ಟರು?" ಅಂತ ಕೇಳಿದ್ರೆ ನನಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಆ ರಾತ್ರಿ ಓದೋಕೆ ಶುರು ಮಾಡಿದ್ದು.

ಮೊದಲು ಜಾಗ ಅರ್ಥ ಮಾಡ್ಕೊಳ್ಳೋಣ. ಪ್ಯಾಂಕ್ರಿಯಾಸ್, ಪಠ್ಯಪುಸ್ತಕದ ಮೇದೋಜೀರಕ ಗ್ರಂಥಿ, ಸುಮಾರು 15 ಸೆಂಟಿಮೀಟರ್ ಉದ್ದ. ಹೊಟ್ಟೆಯ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡ ಮಲಗಿದೆ. ಬಲಗಡೆ ತಲೆ, ಅದನ್ನು ಸಣ್ಣ ಕರುಳಿನ ಮೊದಲ ಭಾಗ ಬಳಸಿಕೊಂಡಿದೆ. ಆಮೇಲೆ ಕುತ್ತಿಗೆ, ಮೈ, ಎಡಗಡೆ ತುದಿಗೆ ಬಾಲ. ಈ ಕುತ್ತಿಗೆಯ ಹಿಂದೇನೇ ಒಂದು ದೊಡ್ಡ ಜಂಕ್ಷನ್ ಇದೆ. ಕರುಳಿಂದ ರಕ್ತ ತರೋ ಎಸ್‌ಎಂವಿ, ಗುಲ್ಮದಿಂದ ಬರೋ ಇನ್ನೊಂದು ಅಭಿಧಮನಿ, ಎರಡೂ ಅಲ್ಲಿ ಸೇರಿ ಪೋರ್ಟಲ್ ವೇನ್ ಆಗಿ ಲಿವರಿಗೆ ಹೋಗುತ್ತೆ. ಎಸ್‌ಎಂವಿ ಪಕ್ಕ, ಎಡಕ್ಕೆ, ಎಸ್‌ಎಂಎ. ಇದು ಅಪಧಮನಿ, ಮಹಾಪಧಮನಿಯಿಂದ ನೇರ ಹುಟ್ಟಿ ಹೆಚ್ಚೂಕಮ್ಮಿ ಇಡೀ ಸಣ್ಣ ಕರುಳಿಗೆ ರಕ್ತ ಕೊಡುತ್ತೆ. ಅದಕ್ಕಿಂತ ಸ್ವಲ್ಪ ಮೇಲೆ ಸೀಲಿಯಾಕ್ ಅನ್ನೋ ಕಾಂಡ, ಅದರಿಂದ ಲಿವರಿಗೆ, ಗುಲ್ಮಕ್ಕೆ, ಹೊಟ್ಟೆಗೆ ಕವಲು. ಪ್ಯಾಂಕ್ರಿಯಾಸ್ ತಲೆಯ ಒಂದು ತುಂಡು ಕೊಕ್ಕೆ ಥರ ಬಗ್ಗಿ ಎಸ್‌ಎಂವಿ ಹಿಂದಕ್ಕೂ ಹೋಗಿರುತ್ತೆ. ಅಂದ್ರೆ ಇಲ್ಲಿ ಗಡ್ಡೆ ಒಂದೆರಡು ಸೆಂಟಿಮೀಟರ್ ಬೆಳೆದ್ರೆ ಸಾಕು, ಯಾವುದಾದರೊಂದು ದೊಡ್ಡ ನಾಳಕ್ಕೆ ತಾಗುತ್ತೆ. 'ಅಡ್ವಾನ್ಸ್ಡ್' ಅಂತ ಬರೆದ ತಕ್ಷಣ ಗಡ್ಡೆ ದೊಡ್ಡದು ಅಂತಲ್ಲ, ಎಷ್ಟೋ ಸಲ ಅದು ಕೂತಿರೋ ಜಾಗ ಕೆಟ್ಟದು.

ಆ 180 ಡಿಗ್ರಿ ಏನು? ಸಿಟಿಯಲ್ಲಿ ನಾಳವನ್ನು ಅಡ್ಡ ಕತ್ತರಿಸಿದ ಹಾಗೆ ನೋಡಿದ್ರೆ ಅದೊಂದು ವೃತ್ತ. ಗಡ್ಡೆ ಆ ವೃತ್ತದ ಎಷ್ಟು ಭಾಗ ತಬ್ಬಿದೆ ಅಂತ ಅಳೀತಾರೆ. ಅರ್ಧಕ್ಕಿಂತ ಕಮ್ಮಿನಾ, ಜಾಸ್ತಿನಾ. ಲೆಕ್ಕ ಅಭಿಧಮನಿಗೂ ಅಪಧಮನಿಗೂ ಬೇರೆ ಬೇರೆ. ಅಮೆರಿಕದ ಎನ್‌ಸಿಸಿಎನ್ ಮಾರ್ಗಸೂಚಿ ಪ್ರಕಾರ, ಸ್ಥೂಲವಾಗಿ ಹೇಳ್ತೀನಿ: ಅಪಧಮನಿ ಮುಟ್ಟಿಲ್ಲ, ಅಭಿಧಮನಿಯನ್ನೂ ಮುಟ್ಟಿಲ್ಲ ಅಥವಾ ಅರ್ಧದೊಳಗೆ ಮುಟ್ಟಿದ್ರೂ ಅದರ ಆಕಾರ ಕೆಟ್ಟಿಲ್ಲ ಅಂದ್ರೆ 'ರಿಸೆಕ್ಟಬಲ್', ನೇರ ತೆಗೆಯಬಹುದು. ಎಸ್‌ಎಂಎಯನ್ನು 180 ಡಿಗ್ರಿ ಮೀರದೆ ಮುಟ್ಟಿದ್ರೆ, ಅಥವಾ ಅಭಿಧಮನಿಯನ್ನು ಅದಕ್ಕಿಂತ ಹೆಚ್ಚು ಸುತ್ತಿದ್ರೂ ಆ ತುಂಡು ತೆಗೆದು ಮತ್ತೆ ಜೋಡಿಸೋಕೆ ಮೇಲೂ ಕೆಳಗೂ ಒಳ್ಳೆ ನಾಳ ಉಳಿದಿದ್ರೆ 'ಬಾರ್ಡರ್‌ಲೈನ್'. ಎಸ್‌ಎಂಎಯನ್ನು 180 ದಾಟಿ ಸುತ್ತಿದ್ರೆ, ಅಥವಾ ಅಭಿಧಮನಿ ಮತ್ತೆ ಜೋಡಿಸಲಾಗದ ಹಾಗೆ ಮುಚ್ಚಿಹೋಗಿದ್ರೆ 'ಲೋಕಲಿ ಅಡ್ವಾನ್ಸ್ಡ್'. ಲಿವರು, ಶ್ವಾಸಕೋಶ, ಹೊಟ್ಟೆಯ ಒಳಪದರಕ್ಕೆ ಹರಡಿದ್ರೆ ಅದು ನಾಲ್ಕನೇ ಹಂತ, ಅಲ್ಲಿ ಈ ದೊಡ್ಡ ಆಪರೇಷನ್ ಪ್ರಶ್ನೆ ಸಾಮಾನ್ಯವಾಗಿ ಬರಲ್ಲ. ಮಾಮಾನದ್ದು ಬಾರ್ಡರ್‌ಲೈನ್. ಮೊದಲ ಡಾಕ್ಟರು ಅದನ್ನು ಕೊನೆಯ ಗುಂಪಿಗೆ ಹಾಕಿದ್ರು, ಎರಡನೆಯವರು ಮೊದಲ ಗುಂಪಿಗೆ.

ಅಭಿಧಮನಿಗೆ ಒಂದು ನಿಯಮ, ಅಪಧಮನಿಗೆ ಇನ್ನೊಂದು ಯಾಕೆ ಅಂತ ನನಗೂ ಮೊದಲು ಅರ್ಥ ಆಗಲಿಲ್ಲ. ಪೈಪ್ ಪೈಪೇ ಅಲ್ವಾ? ಅಲ್ಲ. ಅಭಿಧಮನಿಯಲ್ಲಿ ಒತ್ತಡ ಕಮ್ಮಿ. ಕರುಳನ್ನು ಸ್ವಲ್ಪ ಸಡಿಲ ಮಾಡಿ ಮೇಲೆತ್ತಿದ್ರೆ ಎರಡು ಮೂರು ಸೆಂಟಿಮೀಟರ್ ತುಂಡು ತೆಗೆದ ಮೇಲೂ ಎರಡು ತುದಿ ಒಂದಕ್ಕೊಂದು ಸಿಗುತ್ತೆ, ಹೊಲೀತಾರೆ. ಅಪಧಮನಿಯ ಸುತ್ತ ದಟ್ಟವಾದ ನರಗಳ ಬಲೆ ಇದೆ, ಈ ಕ್ಯಾನ್ಸರಿಗೆ ನರ ಹಿಡ್ಕೊಂಡು ಸಾಗೋ ಕೆಟ್ಟ ಅಭ್ಯಾಸ. ಹಾಗಾಗಿ ಅಪಧಮನಿ ಮುಟ್ಟಿದೆ ಅಂದ್ರೆ ಕಣ್ಣಿಗೆ ಕಾಣೋದಕ್ಕಿಂತ ಮುಂದೆ ಹೋಗಿರೋ ಸಾಧ್ಯತೆ ಜಾಸ್ತಿ. ಅದನ್ನೂ ಕತ್ತರಿಸಿ ಜೋಡಿಸಬಹುದು, ಮಾಡೋ ಕೆಲವೇ ಕೇಂದ್ರಗಳು ಪ್ರಪಂಚದಲ್ಲಿವೆ. ಆದ್ರೆ ಪಕ್ಕದಲ್ಲೇ ಪ್ಯಾಂಕ್ರಿಯಾಸ್ ಹೊಲಿಗೆ ಇರುತ್ತೆ. ಅಲ್ಲಿಂದ ಜೀರ್ಣರಸ ಸೋರಿದ್ರೆ ಅದು ಅಪಧಮನಿಯ ಗೋಡೆಯನ್ನೇ ತಿನ್ನುತ್ತೆ, ಹತ್ತನೇ ದಿನ ಹದಿನೈದನೇ ದಿನ ಇದ್ದಕ್ಕಿದ್ದ ಹಾಗೆ ರಕ್ತಸ್ರಾವ. ಅಪಧಮನಿ ಕತ್ತರಿಸಿ ಜೋಡಿಸಿದ ಆಪರೇಷನ್‌ಗಳಲ್ಲಿ ಸಾವು ಹೆಚ್ಚು ಅಂತ ಹಲವು ಅಧ್ಯಯನ ಒಟ್ಟು ಸೇರಿಸಿದ ವಿಶ್ಲೇಷಣೆಗಳು ತೋರಿಸಿವೆ. ಅದಕ್ಕೇ ಈಗ ಜರ್ಮನಿಯ ಹೈಡಲ್‌ಬರ್ಗ್ ಥರದ ಕೇಂದ್ರಗಳು ಬೇರೆ ದಾರಿ ಹಿಡಿದಿವೆ: ಕೀಮೋ ಆದ ಮೇಲೆ ಅಪಧಮನಿಯನ್ನು ಕತ್ತರಿಸದೆ, ಅದರ ಹೊರಪದರದ ಮೇಲಿನ ನರ, ಅಂಗಾಂಶ ಎಲ್ಲ ಸುಲಿದು ತೆಗೆಯೋದು. ಬಾಳೆದಿಂಡಿನ ಪದರ ಬಿಡಿಸಿದ ಹಾಗೆ ಅಂದ್ಕೊಳ್ಳಿ. ನರ ಸುಲಿದ್ದಕ್ಕೆ ಬೆಲೆ ಇದೆ, ಆಮೇಲೆ ತಿಂಗಳುಗಟ್ಟಲೆ ಭೇದಿ ಕಾಡಬಹುದು.

ಚರಿತ್ರೆ ಸ್ವಲ್ಪ ಹೇಳ್ತೀನಿ, ಬೇಗ ಮುಗಿಸ್ತೀನಿ. ಪ್ಯಾಂಕ್ರಿಯಾಸ್ ತಲೆ ತೆಗೆಯೋ ಆಪರೇಷನ್ನಿಗೆ 'ವಿಪಲ್' ಅಂತ ಹೆಸರು. ಅಮೆರಿಕದ ಅಲನ್ ವಿಪಲ್ 1935ರಲ್ಲಿ ಪ್ರಕಟಿಸಿದ್ರು, ಆಗ ಅದು ಎರಡು ಕಂತಿನ ಆಪರೇಷನ್. ಅದಕ್ಕೂ ಮುಂಚೆ 1912ರಲ್ಲಿ ಜರ್ಮನಿಯ ಕೌಶ್ ಇಂಥದ್ದೊಂದು ವರದಿ ಮಾಡಿದ್ರು. 1951ರಲ್ಲಿ ಮೂರ್ ಮತ್ತು ಸಂಗಡಿಗರು ಎಸ್‌ಎಂವಿಯನ್ನೂ ಸೇರಿಸಿ ತೆಗೆದ ವರದಿ ಬಂತು. 1973ರಲ್ಲಿ ನ್ಯೂಯಾರ್ಕಿನ ಫಾರ್ಟ್ನರ್ ನಾಳಗಳನ್ನೂ ಸೇರಿಸಿ ಇಡೀ ಪ್ರದೇಶವನ್ನೇ ತೆಗೆಯೋಣ ಅಂತ ಹೊರಟ್ರು. ತೊಂದರೆ ವಿಪರೀತ, ಬದುಕಿದ ಕಾಲ ಅಷ್ಟೇನೂ ಹೆಚ್ಚಲಿಲ್ಲ. ಆಮೇಲೆ ದಶಕಗಳ ಕಾಲ 'ನಾಳ ಹಿಡಿದಿದ್ರೆ ಮುಟ್ಟಬೇಡ' ಅನ್ನೋದೇ ರೂಢಿ. ನಮ್ಮ ಮೊದಲ ಡಾಕ್ಟರು ಕಲಿತದ್ದು ಬಹುಶಃ ಆ ಕಾಲದಲ್ಲಿ, ಅವರ ಮೇಲೆ ಈಗ ನನಗೆ ಸಿಟ್ಟಿಲ್ಲ. ಗುರುವಾರ ಓಪನ್ ಮಾಡ್ತೀನಿ ಅಂದವರ ಮೇಲೆ ಇದೆ.

ಬದಲಾವಣೆ ಬಂದದ್ದು ಚಾಕುವಿಂದಲ್ಲ, ಔಷಧಿಯಿಂದ. 2011ರಲ್ಲಿ ಫ್ರಾನ್ಸಿನ ಅಧ್ಯಯನವೊಂದು ಫೋಲ್ಫಿರಿನಾಕ್ಸ್ ಅನ್ನೋ ನಾಲ್ಕು ಔಷಧಿ ಸೇರಿದ ಕೀಮೋ, ಹರಡಿದ ಕ್ಯಾನ್ಸರಲ್ಲಿ ಬದುಕಿನ ಮಧ್ಯಮ ಅವಧಿಯನ್ನು 6.8 ತಿಂಗಳಿಂದ 11.1 ತಿಂಗಳಿಗೆ ಒಯ್ತು ಅಂತ ತೋರಿಸ್ತು. ಕೇಳೋಕೆ ಕಮ್ಮಿ ಅನ್ಸುತ್ತೆ. ಆದ್ರೆ ಮೊದಲ ಸಲ ಈ ಗಡ್ಡೆ ಮೇಲೆ ನಿಜವಾಗಿ ಕೆಲಸ ಮಾಡೋ ಔಷಧಿ ಸಿಕ್ತು. ಹಾಗಿದ್ರೆ ಬಾರ್ಡರ್‌ಲೈನ್ ಇರೋರಿಗೆ ಇದನ್ನೇ ಮೊದಲು ಕೊಟ್ಟು, ಆಮೇಲೆ ಆಪರೇಷನ್ ಮಾಡಿದ್ರೆ?

ಇದರ ಹಿಂದಿನ ತರ್ಕ ನಮ್ಮಂಥ ಇಂಜಿನಿಯರುಗಳಿಗೆ ಬೇಗ ಹಿಡಿಸುತ್ತೆ. ಸ್ಕ್ಯಾನಲ್ಲಿ ಗಡ್ಡೆ ಒಂದೇ ಕಡೆ ಕಂಡ್ರೂ, ಕಣಗಳು ಆಗಲೇ ರಕ್ತದಲ್ಲಿ ಹೊರಟಿರೋ ಸಾಧ್ಯತೆ ಜಾಸ್ತಿ. ಮೊದಲು ಆಪರೇಷನ್ ಮಾಡಿದ್ರೆ, ಚೇತರಿಸಿಕೊಳ್ಳೋಕೆ ತಿಂಗಳುಗಳು, ಬಹಳ ಜನಕ್ಕೆ ಆಮೇಲೆ ಕೀಮೋ ತಡೆಯೋ ಶಕ್ತಿಯೇ ಇರಲ್ಲ. ಇನ್ನೊಂದು, ಹೇಳೋಕೆ ಕಷ್ಟದ ಕಾರಣ: ನಾಲ್ಕು ತಿಂಗಳ ಕೀಮೋ ಒಂದು ಪರೀಕ್ಷೆ. ಆ ಅವಧಿಯಲ್ಲೇ ಲಿವರಲ್ಲಿ ಹೊಸ ಚುಕ್ಕೆ ಬಂದ್ರೆ, ಅವರಿಗೆ ಆಪರೇಷನ್ ಮಾಡಿದ್ರೂ ಅದು ಬರ್ತಿತ್ತು, ದೊಡ್ಡ ಗಾಯ ಮಾತ್ರ ಉಳೀತಿತ್ತು. ನೆದರ್ಲೆಂಡ್ಸಿನ ಪ್ರಿಯೋಪ್ಯಾಂಕ್ ಅಧ್ಯಯನದ ದೀರ್ಘಾವಧಿ ಫಲಿತಾಂಶ 2022ರಲ್ಲಿ ಬಂತು. ಅಲ್ಲಿ ಕೊಟ್ಟಿದ್ದು ಬೇರೆ ಔಷಧಿ, ಜೊತೆಗೆ ರೇಡಿಯೇಷನ್. ಐದು ವರ್ಷ ಬದುಕಿದವರು ಮೊದಲು ಚಿಕಿತ್ಸೆ ಪಡೆದ ಗುಂಪಲ್ಲಿ ಶೇ. 20.5, ನೇರ ಆಪರೇಷನ್ನಿಗೆ ಹೋದ ಗುಂಪಲ್ಲಿ ಶೇ. 6.5. ಎರಡು ಅಂಕಿಯನ್ನೂ ಪೂರ್ತಿ ಓದಿ. ಒಳ್ಳೆ ಗುಂಪಲ್ಲೂ ಐದರಲ್ಲಿ ನಾಲ್ಕು ಜನ ಉಳಿದಿಲ್ಲ. ಇದನ್ನು ನಾನು ಅತ್ತಿಗೆ ಹೇಳಲಿಲ್ಲ. ಮಾಮಾನಿಗೆ ಹೇಳಿದೆ, ಅವರೇ ಕೇಳಿದ್ರು.

ಕೀಮೋ ಮೊದಲು ಅಂದ್ರೆ ಬಯಾಪ್ಸಿ ಬೇಕೇ ಬೇಕು. ಎಂಡೋಸ್ಕೋಪ್ ಒಳಗಿಂದ ಸೂಜಿ ಹಾಕಿ ತೆಗೀತಾರೆ. 'ಸೂಜಿ ಚುಚ್ಚಿದ್ರೆ ಹರಡುತ್ತೆ' ಅಂತ ನಮ್ಮ ಕಡೆ ಹೇಳೋ ಮಾತಿಗೆ ಹೆದರಿ ತಡ ಮಾಡಬೇಡಿ. ಕಾಮಾಲೆ ಇಳಿಯೋಕೆ ಪಿತ್ತನಾಳಕ್ಕೆ ಸ್ಟೆಂಟ್ ಹಾಕ್ತಾರೆ. ಆತುರದ ಪರಿಸ್ಥಿತಿ ಇಲ್ಲದಿದ್ರೆ, ಸರಿಯಾದ ಪ್ಯಾಂಕ್ರಿಯಾಸ್ ಸಿಟಿ ಸ್ಟೆಂಟಿಗೆ ಮೊದಲೇ ಆಗಿರಲಿ. ಸ್ಟೆಂಟ್ ಹಾಕಿದ ಮೇಲೆ ಊತ ಬಂದ್ರೆ ನಾಳದ ಸುತ್ತ ಇರೋದು ಗಡ್ಡೆನಾ ಊತನಾ ಗೊತ್ತಾಗಲ್ಲ. ನಮಗೆ ಇದು ಅದೃಷ್ಟಕ್ಕೆ ಸರಿಯಾಗಿ ಆಯ್ತು.

ಎರಡು ವಾರಕ್ಕೊಂದು ಸುತ್ತು, ಒಟ್ಟು ಎಂಟು. ಪ್ರತಿ ಸಲ 46 ಗಂಟೆ ಪಂಪ್ ಕಟ್ಕೊಂಡು ಮನೆಗೆ ಬರೋರು. ಅದರಲ್ಲಿರೋ ಆಕ್ಸಾಲಿಪ್ಲಾಟಿನ್ ಅನ್ನೋ ಔಷಧಿಗೆ ತಣ್ಣಗಿನದ್ದು ಆಗಲ್ಲ, ತಣ್ಣೀರು ಮುಟ್ಟಿದ್ರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ, ಗಂಟಲು ಹಿಡ್ಕೊಂಡ ಹಾಗೆ. ಫೆಬ್ರವರಿ ಕೊನೆಗೆ ಇಲ್ಲಿ ಬಿಸಿಲು ಶುರುವಾಗಿತ್ತು. ಎದುರು ಮನೆಯ ಗುಜರಾತಿ ಬೆನ್ ದಿನಾ ಪ್ರೀತಿಯಿಂದ ತಣ್ಣನೆ ಛಾಸ್ ಕಳಿಸೋರು, ಮಾಮಾ ಅದನ್ನ ಒಲೆ ಪಕ್ಕ ಇಟ್ಟು ಬೆಚ್ಚಗೆ ಮಾಡಿ ಕುಡಿಯೋರು. "ಇದೆಂಥಾ ಮಜ್ಜಿಗಿಪಾ" ಅಂತ ಬೈಕೊಂಡು.

ಕೀಮೋ ಮುಗಿದು ಮತ್ತೆ ಸಿಟಿ. ಗಡ್ಡೆ ಅಷ್ಟೇ ಇದೆ. ರಿಪೋರ್ಟ್ ಓದಿ ನನ್ನ ಕೈ ನಡುಗಿತು, ನಾಲ್ಕು ತಿಂಗಳು ವ್ಯರ್ಥ ಅಂದ್ಕೊಂಡೆ. ಇಲ್ಲೇ ಬಹಳ ಜನ ಮೋಸ ಹೋಗೋದು. ಈ ಕ್ಯಾನ್ಸರ್ ತನ್ನ ಸುತ್ತ ಗಟ್ಟಿಯಾದ ನಾರಿನ ಗೂಡು ಕಟ್ಟಿಕೊಂಡಿರುತ್ತೆ. ಒಳಗಿನ ಕಣ ಸತ್ರೂ ಗೂಡು ಹಾಗೇ ಇರುತ್ತೆ, ಸಿಟಿಗೆ ಎರಡೂ ಒಂದೇ ಥರ ಕಾಣುತ್ತೆ. 2012ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕೇಂದ್ರದವರು ಚಿಕಿತ್ಸೆಯಾದ ಮೇಲೆ ಮತ್ತೆ ಸ್ಕ್ಯಾನ್ ಮಾಡಿದ 122 ಜನರನ್ನ ನೋಡಿದ್ರು. ಸ್ಕ್ಯಾನ್ ಪ್ರಕಾರ ಬಾರ್ಡರ್‌ಲೈನಿಂದ ರಿಸೆಕ್ಟಬಲ್ಲಿಗೆ ಇಳಿದದ್ದು ಒಬ್ಬರು, ಒಬ್ಬರೇ. ಆದ್ರೂ ಅಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆಪರೇಷನ್ ಆಯ್ತು, ಅವರಲ್ಲಿ ಬಹುಪಾಲು ಜನರಿಗೆ ಅಂಚಲ್ಲಿ ಕಣ ಉಳಿಯದ ಹಾಗೆ ತೆಗೆಯೋಕೂ ಸಾಧ್ಯ ಆಯ್ತು. ಹಾಗಾಗಿ ಈಗ ನೋಡೋದು ಬೇರೆ: ಹೊಸದಾಗಿ ಎಲ್ಲೂ ಹರಡಿಲ್ಲ ತಾನೇ, ಸಿಎ 19-9 ಅನ್ನೋ ರಕ್ತಪರೀಕ್ಷೆ ಇಳಿದಿದೆಯಾ, ರೋಗಿ ಓಡಾಡ್ತಿದ್ದಾರಾ, ತೂಕ ನಿಂತಿದೆಯಾ. ಸಿಎ 19-9ಗೂ ಒಂದು ಕೊಕ್ಕೆ. ಕಾಮಾಲೆ ಇದ್ರೆ ಅದು ಸುಳ್ಳೇ ಏರುತ್ತೆ, ಇನ್ನು ಕೆಲವರ ದೇಹ ಅದನ್ನು ಹುಟ್ಟಿನಿಂದಲೇ ತಯಾರಿಸಲ್ಲ. ಮಾಮಾನದ್ದು ಸಾವಿರದ ಮೇಲಿದ್ದದ್ದು ಎರಡಂಕಿಗೆ ಬಂದಿತ್ತು.

ಆಪರೇಷನ್ ಮುಂಬೈಯಲ್ಲಿ. ಹೊಸ ವಿಧಾನದಲ್ಲಿ ಸರ್ಜನ್ ಮೊದಲು ಮಾಡೋ ಕೆಲಸ ಎಸ್‌ಎಂಎ ಹತ್ರ ಹೋಗಿ ಪರೀಕ್ಷೆ. ಮುಂಚೆ ಎಲ್ಲ ಬಿಡಿಸಿ, ಕುತ್ತಿಗೆ ಕತ್ತರಿಸಿ, ಕೊನೆಗೆ ಅಪಧಮನಿ ಹತ್ರ ಬಂದಾಗ 'ಅಯ್ಯೋ ಅಂಟಿದೆ' ಅಂತ ಗೊತ್ತಾಗ್ತಿತ್ತು, ಆಗ ವಾಪಸ್ ಹೋಗೋ ಹಾಗಿಲ್ಲ. ಈಗ ವಾಪಸ್ ಬರಲಾಗದ ಹೆಜ್ಜೆ ಇಡೋಕೆ ಮೊದಲೇ ಅದನ್ನು ನೋಡ್ತಾರೆ. ಟಾಟಾ ಮೆಮೋರಿಯಲ್‌ನ ಡಾ. ಶೈಲೇಶ್ ಶ್ರೀಖಂಡೆಯವರ ತಂಡ ಈ ವಿಧಾನದ ಬಗ್ಗೆ 2011ರಲ್ಲೇ ಬರೆದಿದೆ. ಆಮೇಲೆ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುಂಡು ಎಲ್ಲ ಬಿಡಿಸ್ತಾರೆ, ಕೊನೆಗೆ ಗಡ್ಡೆ ನೇತಾಡೋದು ಎಸ್‌ಎಂವಿಗೆ ಮಾತ್ರ. ಆಗ ಮೇಲೆ ಕೆಳಗೆ ಕ್ಲ್ಯಾಂಪ್. ಆ ಹೊತ್ತಲ್ಲಿ ಕರುಳಿನ ರಕ್ತ ಲಿವರಿಗೆ ಹೋಗಲ್ಲ, ಕರುಳು ಊದೋಕೆ ಶುರುವಾಗುತ್ತೆ. ಹಾಗಾಗಿ ನಾಳ ಕತ್ತರಿಸಿ ಜೋಡಿಸೋ ಕೆಲಸ ನಿಮಿಷದ ಲೆಕ್ಕದಲ್ಲಿ ನಡೀಬೇಕು. ಗೋಡೆಯ ಒಂದು ಸಣ್ಣ ಭಾಗ ಮಾತ್ರ ಹಿಡಿದಿದ್ರೆ ಅಷ್ಟೇ ತೆಗೆದು ನೇರ ಹೊಲೀತಾರೆ, ಇಲ್ಲಾ ತೇಪೆ ಹಾಕ್ತಾರೆ. ಪೂರ್ತಿ ಸುತ್ತಿದ್ರೆ ಇಡೀ ತುಂಡು ತೆಗೆದು ತುದಿಗೆ ತುದಿ ಜೋಡಣೆ. ತುದಿ ಸಿಗದಿದ್ರೆ ಕುತ್ತಿಗೆಯಿಂದಲೋ ಕಿಡ್ನಿಯಿಂದಲೋ ಬೇರೆ ಅಭಿಧಮನಿ ತಂದು, ಅಥವಾ ಕೃತಕ ನಾಳ ಇಟ್ಟು ಸೇತುವೆ. ಮಾಮಾನಿಗೆ ತುದಿಗೆ ತುದಿ ಸಾಕಾಯ್ತು. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವರು ಸಂಜೆ ಏಳಕ್ಕೆ ಹೊರಗೆ.

ಗಡ್ಡೆ ಮೈ ಭಾಗದಲ್ಲಿದ್ದು ಸೀಲಿಯಾಕ್ ಕಾಂಡ ಹಿಡಿದಿದ್ರೆ ಇನ್ನೊಂದು ಚಂದದ ಉಪಾಯ ಇದೆ. 1953ರಲ್ಲಿ ಆಪಲ್‌ಬಿ ಅನ್ನೋರು ಹೊಟ್ಟೆ ಕ್ಯಾನ್ಸರಿಗೆ ಹೇಳಿದ್ದು, ಆಮೇಲೆ ಪ್ಯಾಂಕ್ರಿಯಾಸಿಗೆ ಬಂತು. ಆ ಕಾಂಡವನ್ನೇ ಕತ್ತರಿಸಿಬಿಡ್ತಾರೆ, ಮತ್ತೆ ಜೋಡಿಸೋದೇ ಇಲ್ಲ. ಲಿವರಿಗೆ ರಕ್ತ? ಎಸ್‌ಎಂಎಯಿಂದ ಪ್ಯಾಂಕ್ರಿಯಾಸ್ ತಲೆಯ ಸುತ್ತ ಇರೋ ಸಣ್ಣ ನಾಳಗಳ ಮೂಲಕ ಉಲ್ಟಾ ಹರಿದು ಬರುತ್ತೆ. ಮೇನ್ ಲಿಂಕ್ ಹೋದಾಗ ಬ್ಯಾಕಪ್ ಲಿಂಕ್ ಎತ್ತಿಕೊಂಡ ಹಾಗೆ. ಅದು ಸಾಕಾಗುತ್ತಾ ಅಂತ ಕತ್ತರಿಸೋ ಮೊದಲು ಕ್ಲ್ಯಾಂಪ್ ಹಾಕಿ ನಾಡಿ ನೋಡ್ತಾರೆ.

ಐಟಿಯವರಿಗೆ ತಕ್ಷಣ ನೆನಪಾಗೋದು ಸ್ಟೀವ್ ಜಾಬ್ಸ್. ಅವರದ್ದು ಬೇರೆ ಜಾತಿಯ ಗಡ್ಡೆ, ನ್ಯೂರೋಎಂಡೋಕ್ರೈನ್. 2003ರಲ್ಲಿ ಗೊತ್ತಾಯ್ತು, 2004ರಲ್ಲಿ ಆಪರೇಷನ್, 2011ರವರೆಗೆ ಬದುಕಿದ್ರು. ಆ ಲೆಕ್ಕ ಇಲ್ಲಿಗೆ ಹಾಕಬೇಡಿ. ಬಯಾಪ್ಸಿಯಲ್ಲಿ ಯಾವ ಜಾತಿ ಅಂತ ಕೇಳಿ. ನಮ್ಮ ಪಕ್ಕದ ಗೋವಾದ ಮನೋಹರ್ ಪರಿಕ್ಕರ್, ಅವರೂ ಬಾಂಬೆ ಐಐಟಿ ಇಂಜಿನಿಯರ್, 2018ರಲ್ಲಿ ರೋಗ ಗೊತ್ತಾಗಿ ಮುಂಬೈ, ನ್ಯೂಯಾರ್ಕ್, ದಿಲ್ಲಿ ಎಲ್ಲ ಕಡೆ ಚಿಕಿತ್ಸೆ ಆಗಿ 2019ರ ಮಾರ್ಚ್ 17ರಂದು ತೀರಿಕೊಂಡ್ರು. ಎಲ್ಲಿ ಬೇಕಾದ್ರೂ ಹೋಗೋ ಅನುಕೂಲ ಇದ್ದವರ ಕಥೆಯೇ ಹಾಗೆ.

ಎಲ್ಲಿಗೆ ಹೋಗೋದು? ಊರಿಗಿಂತ ಮುಖ್ಯ ಅವರು ವರ್ಷಕ್ಕೆ ಎಷ್ಟು ಮಾಡ್ತಾರೆ ಅನ್ನೋದು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಪ್ಯಾಂಕ್ರಿಯಾಸ್ ಆಪರೇಷನ್ ತೀರಾ ಕಮ್ಮಿ ಮಾಡೋ ಆಸ್ಪತ್ರೆಗಳಲ್ಲಿ ಸಾವು ಶೇ. 16.3, ಬಹಳ ಮಾಡೋ ಕಡೆ ಶೇ. 3.8. ಅದೇ ಆಪರೇಷನ್. ಹಾಗಾಗಿ ಸಂಕೋಚ ಬಿಟ್ಟು ಕೇಳಿ: ವರ್ಷಕ್ಕೆ ಎಷ್ಟು ವಿಪಲ್? ಅದರಲ್ಲಿ ಅಭಿಧಮನಿ ಸೇರಿಸಿ ತೆಗೆದದ್ದು ಎಷ್ಟು? ಸರ್ಜನ್, ಕೀಮೋ ಡಾಕ್ಟರು, ರೇಡಿಯಾಲಜಿಸ್ಟ್ ಒಟ್ಟಿಗೆ ಕೂತು ನೋಡೋ ಟ್ಯೂಮರ್ ಬೋರ್ಡ್ ಇದೆಯಾ? ಗುರುವಾರದ ಡಾಕ್ಟರಿಗೆ ನಾನು ಮೊದಲ ಪ್ರಶ್ನೆ ಕೇಳಿದಾಗ, "ಎಲ್ಲಾ ಮಾಡ್ತೀವಿ" ಅಂದ್ರು. ಸಂಖ್ಯೆ ಹೇಳಲಿಲ್ಲ. ಅಲ್ಲಿಂದ ಎದ್ದು ಬಂದೆ.

ವಡೋದರಾದಲ್ಲಿ ಇರೋರಿಗೆ ರೈಲಲ್ಲಿ ಅಹಮದಾಬಾದ್ ಎರಡು ಗಂಟೆ, ಮುಂಬೈ ಐದು ಗಂಟೆ ದಾರಿ. ಅಹಮದಾಬಾದಿನ ಅಸಾರ್ವಾದಲ್ಲಿ ಸಿವಿಲ್ ಆಸ್ಪತ್ರೆ ಆವರಣದಲ್ಲೇ ಗುಜರಾತ್ ಕ್ಯಾನ್ಸರ್ ಅಂಡ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಇದೆ, 1972ರಿಂದ. ಊರಲ್ಲೇ ಚಿಕಿತ್ಸೆ ಅಂದ್ರೆ ಬೆಂಗಳೂರಿನ ಕಿದ್ವಾಯಿ. ಎಲ್ಲೂ ಹೋಗೋ ಮೊದಲು ಎರಡನೇ ಅಭಿಪ್ರಾಯ ಬೇಕಂದ್ರೆ, ಟಾಟಾ ಮೆಮೋರಿಯಲ್ ಮತ್ತು ನ್ಯಾಷನಲ್ ಕ್ಯಾನ್ಸರ್ ಗ್ರಿಡ್ ಜೊತೆ ಕೆಲಸ ಮಾಡೋ ನವ್ಯಾ ಅನ್ನೋ ಆನ್‌ಲೈನ್ ಸೇವೆ ಇದೆ, ರಿಪೋರ್ಟ್ ಅಪ್‌ಲೋಡ್ ಮಾಡಿ ಕೇಳಬಹುದು. ಸಿಟಿಯ ರಿಪೋರ್ಟ್ ಕಾಗದ ಮಾತ್ರ ಅಲ್ಲ, ಸಿಡಿ ಇಟ್ಕೊಳ್ಳಿ. ದುಡ್ಡಿನ ವಿಷಯ: ಗುಜರಾತಲ್ಲಿ ಆಯುಷ್ಮಾನ್ ಕಾರ್ಡ್ ಮಿತಿ 2023ರ ಜುಲೈಯಿಂದ ಕುಟುಂಬಕ್ಕೆ ವರ್ಷಕ್ಕೆ 10 ಲಕ್ಷ, ಆದ್ರೆ ಅದು ಇಲ್ಲಿನ ಕಾರ್ಡಿಗೆ. ಊರಿಂದ ಬಂದ ಹಿರಿಯರ ಕರ್ನಾಟಕದ ಕಾರ್ಡ್ ಬೇರೆ ರಾಜ್ಯದ ಆಸ್ಪತ್ರೆಯಲ್ಲಿ ನಡೆಯುತ್ತಾ ಅಂತ ಅಡ್ಮಿಟ್ ಆಗೋ ಮೊದಲು ಆಯುಷ್ಮಾನ್ ಕೌಂಟರಲ್ಲಿ ಕೇಳಿ. ಕಂಪನಿ ಇನ್ಶೂರೆನ್ಸಲ್ಲಿ ಸೋದರಮಾವ ಬರಲ್ಲ, ನಮಗೆ ಹೊಲ ಮಾರಿದ ದುಡ್ಡು ಇತ್ತು.

ಆಪರೇಷನ್ ಆದ ಮೇಲಿನದ್ದು ಯಾರೂ ಪೂರ್ತಿ ಹೇಳಲ್ಲ. ಹೊಟ್ಟೆ ಎರಡು ವಾರ ಕೆಲಸವೇ ಮಾಡಲಿಲ್ಲ, ಮೂಗಿನ ಟ್ಯೂಬು. ಜೋಡಿಸಿದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ಡಾಪ್ಲರ್. ಊಟದ ಜೊತೆ ಎನ್‌ಜೈಮ್ ಕ್ಯಾಪ್ಸೂಲ್, ಊಟದ ಮಧ್ಯೆ ತಗೋಬೇಕು, ಮುಗಿದ ಮೇಲಲ್ಲ. ಇದು ಗೊತ್ತಿಲ್ಲದೆ ಒಂದು ತಿಂಗಳು ತೂಕ ಇಳೀತು. ಆಮೇಲೆ ಮತ್ತೆ ನಾಲ್ಕು ಸುತ್ತು ಕೀಮೋ. ಪೆಥಾಲಜಿ ರಿಪೋರ್ಟಲ್ಲಿ ಅಂಚಲ್ಲಿ ಕಣ ಇಲ್ಲ ಅಂತ ಬಂದ ದಿನ ಅದನ್ನು ಕನ್ನಡದಲ್ಲಿ ಹೇಗೆ ಹೇಳೋದು ಅಂತ ತಿಳೀದೆ, "ಬೇಲಿ ತನಕ ಕಳೆ ಬಂದಿಲ್ಲಂತ ಮಾಮಾ" ಅಂದೆ. ಅರ್ಥ ಆಯ್ತು ಅವರಿಗೆ.

ಈಗ ಆಪರೇಷನ್ ಆಗಿ ಒಂದೂವರೆ ವರ್ಷ. ರಾಣೆಬೆನ್ನೂರಲ್ಲೇ ಇದ್ದಾರೆ, ಉಳಿದ ಎರಡು ಎಕರೆ ನೋಡ್ಕೊಂಡು. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಸಿಟಿ. ಹೋದ ಸಲ ಸಿಎ 19-9 ಸ್ವಲ್ಪ ಏರಿತ್ತು. ಲ್ಯಾಬ್ ವ್ಯತ್ಯಾಸವೂ ಇರಬಹುದು, ಆರು ವಾರ ಬಿಟ್ಟು ಅದೇ ಲ್ಯಾಬಲ್ಲಿ ಮತ್ತೆ ಮಾಡಿಸಿ ಅಂದಿದ್ದಾರೆ ಡಾಕ್ಟರು. ಬರೋ ಮಂಗಳವಾರಕ್ಕೆ ಆರು ವಾರ ಆಗುತ್ತೆ.